ಕುದುರೆಯಿಲ್ಲದ ತಂತಿ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ಒಂದು ತಂಬೂರಿ ನಿಂತಿದೆ. ಮೀಟುವ ತಂಬೂರಿಯಲ್ಲ, ಒಳಗೆ ಹೋಗಿ ಕೂರುವ ತಂಬೂರಿ. ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಹುಟ್ಟೂರಿನಲ್ಲಿ ಕಟ್ಟಿಸಿದ ಸಪ್ತಸ್ವರ ದೇವತಾ ಧ್ಯಾನ ಮಂದಿರದ ಕಟ್ಟಡವೇ ತಂಬೂರಿಯ ಆಕಾರದ್ದು. ಬುರುಡೆ ಕೆಳಗೆ, ದಂಡಿ ಆಕಾಶಕ್ಕೆ. ಊರಿಗೆ ಇದು ಒಪ್ಪುವಂಥದೇ. ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಇಲ್ಲೇ, 1920ರಲ್ಲಿ. ‘ರುದ್ರಪಟ್ಣಂ ಸಹೋದರರು’ ಎಂದು ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್ ಅವರ ಮೂಲವೂ ಇದೇ ಊರು. ಕಾವೇರಿ ಪಕ್ಕದ ಒಂದು ಸಣ್ಣ ಊರು ಇಷ್ಟು ಸಂಗೀತಗಾರರನ್ನು ಕೊಟ್ಟಿದ್ದಕ್ಕೆ ನೀರೇ ಕಾರಣ ಎಂದು ಯಾರಾದರೂ ಹೇಳಿದರೆ ವಾದಕ್ಕಿಳಿಯುವ ಅಗತ್ಯವಿಲ್ಲ.

ಕಲ್ಲು ಗಾರೆಯಲ್ಲಿ ತಂಬೂರಿ ಹೀಗೆ ಎದ್ದು ನಿಲ್ಲುವ ಎಷ್ಟೋ ವರ್ಷ ಮೊದಲೇ, ಬೆಂಗಳೂರಿನಲ್ಲಿ ಅದು ಒಂದು ಡಬ್ಬಿಯೊಳಗೆ ಹೊಕ್ಕಿತ್ತು. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ವಿದ್ಯುನ್ಮಾನ ತಂಬೂರಿಯೊಂದನ್ನು ಮಾಡಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯಲ್ಲಿ ತೋರಿಸಿದರು. ಅವರು ಕಟ್ಟಿದ ರೇಡೆಲ್ ಸಂಸ್ಥೆಯ ಪೆಟ್ಟಿಗೆಗಳು ಮುಂದೆ ಕಚೇರಿ ವೇದಿಕೆಗೆ ಬಂದವು, ಪಾಠದ ಮನೆಗಳಿಗೆ ಬಂದವು, ರೈಲಿನಲ್ಲಿ ಹೊರಟ ಗಾಯಕರ ಕೈಚೀಲಕ್ಕೂ ಇಳಿದವು. ತಂಬೂರಿ ಹೊರಲು ಒಬ್ಬ ಶಿಷ್ಯ, ಅದಕ್ಕೊಂದು ಸೀಟು ಎನ್ನುವ ಕಾಲ ಹಿಂದೆ ಸರಿಯಿತು. ಸಿಂಥಸೈಜರ್ ಎಂದು ಅದರ ಮೇಲೆ ಯಾರೂ ಬರೆದಿರಲಿಲ್ಲ, ಅಷ್ಟೆ. ತಂತಿಯಿಲ್ಲದ ಕಡೆ ತಂತಿಯ ನಾದ ಹುಟ್ಟಿಸುವ ಯಂತ್ರಕ್ಕೆ ಬೇರೆ ಹೆಸರೇನು?

ಈಗ ಹಾಸನಕ್ಕೆ ಬರೋಣ. ಸಾಲಗಾಮೆ ರಸ್ತೆಯಲ್ಲಿ 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ. ಅದರ ಆಸುಪಾಸಿನ ಬಾಡಿಗೆ ರೂಮಿನಲ್ಲಿ ಒಬ್ಬ ವಿದ್ಯಾರ್ಥಿ ಇದ್ದಾನೆ ಎಂದಿಟ್ಟುಕೊಳ್ಳಿ. ಹಳೇ ಲ್ಯಾಪ್‌ಟಾಪು, ಎರಡು ಆಕ್ಟೇವಿನ ಪುಟ್ಟ ಕೀಬೋರ್ಡು, ಕಿವಿಗೊಂದು ಹೆಡ್‌ಫೋನು. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿ ಬಂದವನು ಈಗ ಸ್ವಂತ ಹಾಡು ಮಾಡಬೇಕೆಂದು ಕೂತಿದ್ದಾನೆ. ಒಂದು ಸಂಜೆಯಲ್ಲಿ ಮೂವತ್ತು ಸಾಫ್ಟ್‌ವೇರ್ ಸಿಂಥ್ ಇಳಿಸಿಕೊಳ್ಳುತ್ತಾನೆ. ಎಲ್ಲ ಬಿಟ್ಟಿ. ಒಂದೊಂದರಲ್ಲೂ ನೂರಾರು ತಯಾರಿ ನಾದಗಳು, ಅವನ ಭಾಷೆಯಲ್ಲಿ ಪ್ರೀಸೆಟ್ಟು. ವಾರವಿಡೀ ಗುಂಡಿ ಒತ್ತುತ್ತಾ ‘ಇದು ಚೆನ್ನಾಗಿದೆ, ಇದೂ ಚೆನ್ನಾಗಿದೆ’ ಎನ್ನುತ್ತಾನೆ. ಹಾಡು ಹುಟ್ಟುವುದಿಲ್ಲ.

ಮೂವತ್ತರಲ್ಲಿ ಇಪ್ಪತ್ತಾರನ್ನು ಅಳಿಸಬಹುದು. ಯಾವ ಇಪ್ಪತ್ತಾರು ಎನ್ನುವುದಕ್ಕೆ ರುಚಿಗಿಂತ ಭೌತಶಾಸ್ತ್ರ ಚೆನ್ನಾಗಿ ದಾರಿ ತೋರಿಸುತ್ತದೆ. ಸಿಂಥ್‌ಗಳ ಹೊರಮೈ ಸಾವಿರ ಬಗೆಯದಿರಬಹುದು, ಒಳಗೆ ನಾದ ಹುಟ್ಟಿಸುವ ದಾರಿಗಳು ಬೆರಳೆಣಿಕೆಯವು. ದಾರಿಗೊಂದರಂತೆ ಇಟ್ಟುಕೊಂಡರೆ ಸಾಕು. ದಾರಿ ಯಾವುದು ಎಷ್ಟು ದೂರ ಹೋಗುತ್ತದೆ ಎಂದು ನೋಡಲು ಒಂದು ಒರೆಗಲ್ಲು ಬೇಕು. ಹಾಸನ ಜಿಲ್ಲೆಯಲ್ಲಿ ಕೂತವನಿಗೆ ಆ ಕಲ್ಲು ತಂಬೂರಿಯೇ.

ತಂಬೂರಿಯನ್ನು ಸುಲಭದ ವಾದ್ಯ ಎಂದುಕೊಳ್ಳುವವರಿದ್ದಾರೆ. ನಾಲ್ಕು ತಂತಿ, ಪಂಚಮ, ಸಾರಣಿ, ಅನುಸಾರಣಿ, ಮಂದ್ರ. ಬೆರಳಿಗೆ ಸ್ವರಸ್ಥಾನದ ಕೆಲಸವೇ ಇಲ್ಲ. ಆದರೆ ನಾದ ಕಟ್ಟುವವರಿಗೆ ಇಷ್ಟು ಕಾಟ ಕೊಡುವ ವಾದ್ಯ ಇನ್ನೊಂದು ಸಿಗುವುದು ಕಷ್ಟ. ಗುಟ್ಟು ಇರುವುದು ತಂತಿಯಲ್ಲಲ್ಲ, ಅದು ಒರಗುವ ಕುದುರೆಯಲ್ಲಿ. ಪಿಟೀಲಿನ ಕುದುರೆಯ ಅಂಚು ಚೂಪು. ತಂಬೂರಿಯದು ಅಗಲ, ಮೇಲ್ಮೈ ಸಣ್ಣಗೆ ಬಾಗಿದ್ದು. ಕುದುರೆಗೂ ತಂತಿಗೂ ನಡುವೆ ಒಂದು ನೂಲೆಳೆಯನ್ನು ತೂರಿಸಿ, ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾ ಹೋದರೆ ಒಂದು ಕಡೆ ನಾದ ಥಟ್ಟನೆ ಬಿರಿಯುತ್ತದೆ. ‘ಜೀವ ಬಂತು’ ಎನ್ನುತ್ತಾರೆ. ಅಲ್ಲಿಯವರೆಗೆ ಟಣ್ ಎನ್ನುತ್ತಿದ್ದ ತಂತಿ ಅಲ್ಲಿಂದಾಚೆಗೆ ಝೇಂಕರಿಸುತ್ತದೆ.

ಇದನ್ನು ವಿಜ್ಞಾನದ ಭಾಷೆಯಲ್ಲಿ ಮೊದಲು ಬರೆದವರಲ್ಲಿ ಸಿ.ವಿ. ರಾಮನ್ ಒಬ್ಬರು. ಬೆಂಗಳೂರಿಗೆ ಬರುವ ಮೊದಲು, ಕಲ್ಕತ್ತದಲ್ಲಿದ್ದಾಗ, 1921ರಲ್ಲಿ ವೀಣೆ ಮತ್ತು ತಂಬೂರಿಗಳ ಬಗ್ಗೆ ಪ್ರಬಂಧ ಬರೆದರು. ಅವರ ಕಣ್ಣಿಗೆ ಬಿದ್ದದ್ದು ಒಂದು ನಿಯಮಭಂಗ. ಮೀಟಿದ ತಂತಿ ಒಂದೇ ಸ್ವರ ಕೊಡುವುದಿಲ್ಲ. ಮೂಲ ಕಂಪನದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ವೇಗದ ಮೇಲ್‌ಸ್ವರಗಳೂ ಇರುತ್ತವೆ. ಆದರೆ ತಂತಿಯ ನಟ್ಟನಡುವೆ ಮೀಟಿದರೆ, ಯಾವ ಮೇಲ್‌ಸ್ವರಗಳಿಗೆ ಆ ನಡುಬಿಂದು ಅಲುಗದ ಜಾಗವೋ ಅವೆಲ್ಲ ಮೌನವಾಗಬೇಕು. ಹತ್ತೊಂಬತ್ತನೇ ಶತಮಾನದಿಂದ ಬಂದ ಲೆಕ್ಕ ಅದು. ನಮ್ಮ ವಾದ್ಯಗಳು ಈ ಲೆಕ್ಕವನ್ನು ಲೆಕ್ಕಕ್ಕೇ ಇಡುವುದಿಲ್ಲ ಎಂದು ರಾಮನ್ ತೋರಿಸಿದರು. ಇರಬಾರದ ಮೇಲ್‌ಸ್ವರಗಳೂ ಗಟ್ಟಿಯಾಗಿಯೇ ಕೇಳುತ್ತವೆ. ತಂತಿ ಪ್ರತಿ ಅಲುಗಾಟದಲ್ಲೂ ಬಾಗಿದ ಕುದುರೆಯನ್ನು ಸವರಿ ಏಳುತ್ತದೆ. ಹಾಗೆ ಸವರಿದಾಗಲೆಲ್ಲ ಕಂಪಿಸುವ ಭಾಗದ ಉದ್ದ ಬದಲಾಗುತ್ತದೆ, ಮೂಲದಿಂದ ಮೇಲ್‌ಸ್ವರಗಳಿಗೆ ಶಕ್ತಿ ಹರಿಯುತ್ತಲೇ ಇರುತ್ತದೆ. ಆದ್ದರಿಂದಲೇ ಮೀಟಿದ ಮೇಲೂ ತಂಬೂರಿಯ ನಾದ ಸುಮ್ಮನೆ ಆರುವುದಿಲ್ಲ. ಮೇಲ್‌ಸ್ವರಗಳು ಒಂದಾದ ಮೇಲೊಂದು ಮುಂದೆ ಬಂದು, ಮಿನುಗಿ, ಸರಿಯುತ್ತವೆ.

ಒರೆಗಲ್ಲು ಸಿಕ್ಕಿತು. ಇನ್ನು ಸಿಂಥ್‌ಗಳನ್ನು ಉಜ್ಜಿ ನೋಡಬೇಕು.

ಹಳೇ ದಾರಿಯಿಂದಲೇ ಶುರು. ಮೊದಲು ಮೇಲ್‌ಸ್ವರ ತುಂಬಿ ತುಳುಕುವ ಒರಟು ಧ್ವನಿಯೊಂದನ್ನು ಹುಟ್ಟಿಸುವುದು, ಗರಗಸದ ಹಲ್ಲಿನ ಆಕಾರದ ಅಲೆ ಇದಕ್ಕೆ ಪ್ರಸಿದ್ಧ. ಆಮೇಲೆ ಬೇಡದ್ದನ್ನು ಫಿಲ್ಟರಿನಲ್ಲಿ ಸೋಸುವುದು. ಕಲ್ಲಿನಲ್ಲಿ ಶಿಲ್ಪ ಬಿಡಿಸಿದ ಹಾಗೆ ಎಂದರೆ ಬೇಲೂರು ಹಳೇಬೀಡಿನ ಜಿಲ್ಲೆಯವರಿಗೆ ಬೇಗ ತಿಳಿಯುತ್ತದೆ. ಬೇಡದ ಕಲ್ಲು ತೆಗೆದರೆ ಉಳಿದದ್ದು ಮದನಿಕೆ. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ಈ ದಾರಿಯ ಯಂತ್ರ ಕಟ್ಟಿದ. ಅಂಥದೊಂದು ಭಾರತಕ್ಕೂ ಬೇಗನೆ ಬಂತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಡೇವಿಡ್ ಟ್ಯೂಡರ್ ಮೂಗ್ ಯಂತ್ರದ ಸ್ಟುಡಿಯೋ ಹೂಡಿದರು, ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ಕೆಲಸ ಮಾಡಿದರು. ಅಲ್ಲಿ ಮುದ್ರಿಸಿದ ಟೇಪುಗಳು ದಶಕಗಳ ಕಾಲ ಕಪಾಟಿನಲ್ಲೇ ಇದ್ದವು.

ಈ ದಾರಿಗೆ ಆಯ್ಕೆ ‘ಸರ್ಜ್ ಎಕ್ಸ್‌ಟಿ’. ಕ್ಲಾಸ್ ಯೋಹಾನ್ಸನ್ ಎಂಬಾತ ಮಾರಾಟಕ್ಕೆಂದು ಬರೆದ ಸಿಂಥ್ ಇದು. 2018ರಲ್ಲಿ ಅದರ ಮೂಲ ಸಂಕೇತವನ್ನೇ ಎಲ್ಲರಿಗೂ ಬಿಟ್ಟುಕೊಟ್ಟ. ಅಂದಿನಿಂದ ಬೇರೆ ಬೇರೆ ದೇಶಗಳ ಉತ್ಸಾಹಿಗಳು ಅದನ್ನು ಬೆಳೆಸಿದ್ದಾರೆ, ಎಕ್ಸ್‌ಟಿ ರೂಪ ಬಂದದ್ದು 2022ರಲ್ಲಿ. ಎರಡು ಪದರ, ಪದರಕ್ಕೆ ಅಲೆ ಹುಟ್ಟಿಸುವ ಮೂರು ಆಸಿಲೇಟರ್, ಎರಡು ಫಿಲ್ಟರ್. ಮೊದಲ ಸಲ ತೆರೆದವರಿಗೆ ವಿಮಾನದ ಚಾಲಕನ ಕೋಣೆಗೆ ಹೊಕ್ಕ ಹಾಗಾಗುತ್ತದೆ. ಹೆದರಬೇಕಿಲ್ಲ. ಒಂದು ಗರಗಸದ ಅಲೆ, ಒಂದು ಫಿಲ್ಟರ್, ಉಳಿದದ್ದೆಲ್ಲ ಮುಚ್ಚಿಟ್ಟರೂ ನಡೆಯುತ್ತದೆ. ಫಿಲ್ಟರಿನ ಕಿಟಕಿಯನ್ನು ಕಿರಿದು ಮಾಡಿ, ಮೀಟಿದ ಕ್ಷಣದಿಂದ ಅದು ನಿಧಾನಕ್ಕೆ ಸರಿಯುವಂತೆ ಹೊಂದಿಸಿದರೆ ಮೇಲ್‌ಸ್ವರಗಳು ಒಂದೊಂದಾಗಿ ಎದ್ದು ಬರುತ್ತವೆ. ದೂರದಿಂದ ಕೇಳಿದರೆ ತಂಬೂರಿಯೇ. ಹತ್ತಿರ ಹೋದರೆ ಯಾರೋ ಬಾಯಿ ತೆರೆದು ಮುಚ್ಚಿದ ಹಾಗೆ, ‘ವಾಂವ್’. ಕಚೇರಿಗೆ ಆಗದು, ಹಾಡಿನ ಹಿಂದೆ ಇಡಲು ಸೊಗಸು.

ಸರ್ಜ್ ಒಳಗೆ ‘ಸ್ಟ್ರಿಂಗ್’ ಎಂಬ ಇನ್ನೊಂದು ಬಗೆಯ ಆಸಿಲೇಟರ್ ಇದೆ. ಅದು ಬೇರೆಯದೇ ದಾರಿ, ಮತ್ತು ಇಡೀ ವಿಷಯದಲ್ಲಿ ಅತ್ಯಂತ ಚೆಂದದ್ದು. ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ ಉಪಾಯ ಅದರ ಬೇರು. ಕಾಗದ ಪೆನ್ನು ಹಿಡಿದೇ ಮಾಡಬಹುದು.

ಕಂಪ್ಯೂಟರ್ ಧ್ವನಿಯನ್ನು ಸೆಕೆಂಡಿಗೆ 44,100 ಅಂಕಿಗಳಾಗಿ ಇಟ್ಟುಕೊಳ್ಳುತ್ತದೆ. ಒಂದನೇ ಮನೆ ಶ್ರುತಿಯ ಷಡ್ಜ ಸೆಕೆಂಡಿಗೆ ಸುಮಾರು 130.8 ಸಲ ಕಂಪಿಸುತ್ತದೆ. 44,100ನ್ನು 130.8ರಿಂದ ಭಾಗಿಸಿದರೆ ಸುಮಾರು 337. ಈಗ 337 ಮನೆಗಳ ಒಂದು ಸಾಲು ಬರೆಯಿರಿ, ಪ್ರತಿ ಮನೆಯಲ್ಲೂ ಮನಸ್ಸಿಗೆ ಬಂದ ಅಂಕಿ ತುಂಬಿ. ಗೊತ್ತುಗುರಿಯಿಲ್ಲದ ಈ ಅಂಕಿಗಳೇ ಬೆರಳು ತಂತಿಗೆ ಬಡಿದ ಗದ್ದಲ. ಸಾಲಿನ ಮೊದಲ ಅಂಕಿಯನ್ನು ಸ್ಪೀಕರಿಗೆ ಕಳಿಸಿ. ಅದನ್ನೂ ಅದರ ಪಕ್ಕದ ಅಂಕಿಯನ್ನೂ ಕೂಡಿಸಿ ಎರಡರಿಂದ ಭಾಗಿಸಿ, ಬಂದದ್ದನ್ನು ಸಾಲಿನ ಕೊನೆಗೆ ಹಾಕಿ. ಸಾಲು ಒಂದು ಮನೆ ಮುಂದೆ ಸರಿಯಿತು. ಮತ್ತೆ ಹಾಗೇ. ಅಷ್ಟೇ ಕೆಲಸ, ಸೆಕೆಂಡಿಗೆ 44,100 ಸಲ. ಪಕ್ಕದ ಅಂಕಿಗಳ ಸರಾಸರಿ ತೆಗೆದಂತೆಲ್ಲ ಏರುಪೇರು ಸವೆಯುತ್ತದೆ. ಚೂಪಾದ ಮೇಲ್‌ಸ್ವರಗಳು ಮೊದಲು ಸಾಯುತ್ತವೆ, ಮೂಲ ಸ್ವರ ಕೊನೆಗೆ. ನಿಜವಾದ ತಂತಿಯಲ್ಲೂ ಹೀಗೇ ಆಗುವುದು. ಕೇಳಿದರೆ ಮೈ ಜುಮ್ಮೆನ್ನುವಷ್ಟು ತಂತಿ! ಕೂಡುವುದು, ಅರ್ಧ ಮಾಡುವುದು, ಮೂರನೇ ಕ್ಲಾಸಿನ ಗಣಿತ.

ಆದರೆ ತಂಬೂರಿಯೇ? ಅಲ್ಲ. ಈ ತಂತಿಗೆ ಕುದುರೆಯಿಲ್ಲ. ಸರಾಸರಿ ತೆಗೆಯುವ ಯಂತ್ರಕ್ಕೆ ಮೇಲ್‌ಸ್ವರವನ್ನು ಸವೆಸುವುದು ಗೊತ್ತು, ಮತ್ತೆ ಹುಟ್ಟಿಸುವುದು ಗೊತ್ತಿಲ್ಲ. ಗಿಟಾರ್ ಬೇಕೆಂದವನಿಗೆ ಇಷ್ಟೇ ಸಾಕು, ತಂಬೂರಿ ಬೇಕೆಂದವನಿಗೆ ನೂಲೆಳೆಯ ಕೆಲಸ ಬಾಕಿ ಉಳಿಯುತ್ತದೆ. ಬಾಗಿದ ಕುದುರೆಯನ್ನೂ ನೂಲನ್ನೂ ಲೆಕ್ಕಕ್ಕೆ ತಂದು ತಂಬೂರಿಯ ಗಣಿತ ಬರೆದವರಿದ್ದಾರೆ. ಆದರೆ ಬಿಟ್ಟಿ ಸಿಗುವ ಸಾಮಾನ್ಯ ಸಿಂಥ್‌ಗಳ ತಂತಿ ಆ ಲೆಕ್ಕದಿಂದ ಹುಟ್ಟಿದ್ದಲ್ಲ.

ಎರಡನೇ ಆಯ್ಕೆಗೆ ಹೋಗುವ ಮೊದಲು ಗಮಕ ನೆನೆಯಬೇಕು. ಸ್ವರವನ್ನು ಸೆಕೆಂಡಿಗೆ ಐದಾರು ಸಲ ಅಲುಗಿಸಿದರೆ ಅದು ಕಂಪಿತ. ಇಪ್ಪತ್ತು ಸಲ ಅಲುಗಿಸಿದರೆ? ಇನ್ನೂರು ಸಲ? ಗಂಟಲಿಗೆ ಸಾಧ್ಯವಿಲ್ಲ, ಕಂಪ್ಯೂಟರಿಗೆ ಸಾಧ್ಯ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಗೀತಗಾರ ಜಾನ್ ಚೌನಿಂಗ್ 1967ರಲ್ಲಿ ಹೀಗೇ ಅಲುಗಾಟ ಏರಿಸುತ್ತಾ ಹೋದ. ಒಂದು ಹಂತ ದಾಟಿದ ಮೇಲೆ ಕಿವಿಗೆ ಅಲುಗಾಟ ಕೇಳುವುದೇ ನಿಂತಿತು, ಅದರ ಬದಲಿಗೆ ಹೊಸ ನಾದ ಕೇಳಿಸಿತು. ಎರಡು ಸಾದಾ ಅಲೆಗಳಿಂದ ಗಂಟೆ, ಕಹಳೆ, ತಂತಿ! ಎರಡರ ವೇಗದ ಅನುಪಾತ ಪೂರ್ಣಾಂಕವಾದರೆ ಶ್ರುತಿಗೂಡಿದ ನಾದ, 1ಕ್ಕೆ 1.4ರಂಥ ಅನುಪಾತವಾದರೆ ಗಂಟೆಯ ಲೋಹದ ನಾದ. ಯಮಾಹಾ ಕಂಪನಿ ಈ ವಿದ್ಯೆಯ ಹಕ್ಕು ಪಡೆದು 1983ರಲ್ಲಿ ಡಿಎಕ್ಸ್7 ಎಂಬ ಕೀಬೋರ್ಡ್ ತಂದಿತು. ಎಂಬತ್ತರ ದಶಕದ ಚಿತ್ರಗೀತೆ ಕೇಳಿ ಬೆಳೆದವರಿಗೆ ಆ ಗಾಜಿನಂಥ ಪಿಯಾನೋ ನಾದ ಕಿವಿಯಲ್ಲೇ ಕೂತಿರುತ್ತದೆ.

ಡಿಎಕ್ಸ್7ನ ಸಾಫ್ಟ್‌ವೇರ್ ರೂಪ ‘ಡೆಕ್ಸ್ಡ್’. ಆಪರೇಟರು ಎಂದು ಕರೆಯುವ ಆರು ಸಾದಾ ಅಲೆಗಳು, ಅವನ್ನು ಒಂದಕ್ಕೊಂದು ಜೋಡಿಸಲು 32 ವಿಧಾನ, ಎಲ್ಲ ಹಳೇ ಯಂತ್ರದ್ದೇ ಲೆಕ್ಕ. ಮೂಲ ಯಂತ್ರದ ನಾದದ ಕಡತಗಳನ್ನೂ ಓದುತ್ತದೆ. ತಂಬೂರಿಗೆ ಇದು ಅಷ್ಟಕ್ಕಷ್ಟೆ. ಆದರೆ ಚರ್ಮವಾದ್ಯಕ್ಕೆ ಕೈಯಾರೆ ಮಾಡಿ ನೋಡುವಂಥ ಒಂದು ಪ್ರಯೋಗ ಇಲ್ಲಿದೆ, ಅದಕ್ಕೂ ರಾಮನ್ ಅವರೇ ಗುರು.

32ನೇ ಜೋಡಣೆಯಲ್ಲಿ ಆರು ಆಪರೇಟರುಗಳೂ ಒಂದರ ಗೊಡವೆ ಒಂದಕ್ಕಿಲ್ಲದೆ ನೇರವಾಗಿ ಹಾಡುತ್ತವೆ. ಅವುಗಳಲ್ಲಿ ನಾಲ್ಕನ್ನು ಆರಿಸಿ ಅನುಪಾತವನ್ನು 1, 1.59, 2.14, 2.30 ಎಂದು ಇಡಬೇಕು. ಬಿಗಿದ ಸಾದಾ ಚರ್ಮ ಹೊಡೆತಕ್ಕೆ ಕಂಪಿಸುವ ಬಗೆಗಳ ಅನುಪಾತ ಇವು. ನಾಲ್ಕೂ ಬೇಗ ಆರುವಂತೆ ಹೊಂದಿಸಿ ಒತ್ತಿದರೆ ‘ಧಬ್’. ತಮಟೆಯ ಜಾತಿಯ, ಶ್ರುತಿ ಇದೇ ಎಂದು ಹೇಳಲಾಗದ ಸದ್ದು. ಈಗ ಅನುಪಾತವನ್ನು 1, 2, 3, 4 ಎಂದು ತಿದ್ದಬೇಕು. ಮತ್ತೆ ಒತ್ತಿದರೆ ಸ್ವರ! ಮೃದಂಗದ ಬಲಮುಖಕ್ಕೆ ಹಾಕುವ ಕಪ್ಪು ಕರಣೆ ಮಾಡುವ ಕೆಲಸ ಇದೇ. ಚರ್ಮದ ನಡುವೆ ಕೂತ ಆ ಭಾರ ಅಡ್ಡಾದಿಡ್ಡಿ ಕಂಪನಗಳನ್ನು ಪೂರ್ಣಾಂಕಗಳ ಸಾಲಿಗೆ ಎಳೆದು ತರುತ್ತದೆ. ರಾಮನ್ ಇದನ್ನು ವಿವರವಾಗಿ ಬರೆದದ್ದು 1934ರಲ್ಲಿ, ಆಗ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಕರಣೆ ಹಾಕುವ ಕೈಗಳಿಗೆ ಲೆಕ್ಕ ಗೊತ್ತಿರಲಿಲ್ಲ, ಫಲ ಗೊತ್ತಿತ್ತು.

ಮೂರನೆಯದು ‘ವೈಟಲ್’. ಮ್ಯಾಟ್ ಟೈಟೆಲ್ ಒಬ್ಬನೇ ಬರೆದು 2020ರ ನವೆಂಬರಿನಲ್ಲಿ ಬಿಟ್ಟ. ಬಿಟ್ಟಿ ರೂಪವೂ ಇದೆ, ಕಾಸು ಕೊಡುವ ರೂಪವೂ ಇದೆ. ಎರಡರಲ್ಲೂ ಯಂತ್ರ ಒಂದೇ, ಕಾಸಿಗೆ ಬರುವುದು ಹೆಚ್ಚಿನ ಪ್ರೀಸೆಟ್ಟು, ಅಲೆಗಳ ಸಂಗ್ರಹ ಇಂಥವು. ಇದರ ದಾರಿಗೆ ವೇವ್‌ಟೇಬಲ್ ಎಂದು ಹೆಸರು, ಜರ್ಮನಿಯ ವೋಲ್ಫ್‌ಗಾಂಗ್ ಪಾಮ್ ಎಂಬತ್ತರ ದಶಕದ ಹೊಸ್ತಿಲಲ್ಲಿ ತೋರಿಸಿದ ದಾರಿ. ಒಂದು ಅಲೆಯ ಬದಲು ಅಲೆಗಳ ಒಂದು ಪುಸ್ತಕ, ವೈಟಲ್‌ನಲ್ಲಿ 256 ಪುಟದವರೆಗೆ. ಸ್ವರ ನುಡಿಯುತ್ತಿರುವಾಗಲೇ ಪುಟ ತಿರುಗಿಸುತ್ತಾ ಹೋದರೆ ನಾದದ ಬಣ್ಣ ಹರಿಯುತ್ತದೆ. ಮಕ್ಕಳು ನೋಟ್‌ಬುಕ್ಕಿನ ಮೂಲೆಯಲ್ಲಿ ಬೊಂಬೆ ಬರೆದು ಸರಸರನೆ ಹಾಳೆ ಬಿಟ್ಟು ಓಡಿಸುತ್ತಾರಲ್ಲ, ಹಾಗೆ.

ಒರೆಗಲ್ಲಿಗೆ ಇದೇ ಹೆಚ್ಚು ಹತ್ತಿರ ಬರುತ್ತದೆ. ತಂಬೂರಿಯ ಗುಣವೇ ಬಣ್ಣ ಹರಿಯುವುದು ತಾನೆ? ಒಂದೇ ತಂತಿಯನ್ನು ಮೀಟಿ ಮೊಬೈಲಿನಲ್ಲೇ ರೆಕಾರ್ಡ್ ಮಾಡಿ, ಆ ಕಡತವನ್ನು ಎಳೆದು ತಂದು ವೈಟಲ್‌ನ ಆಸಿಲೇಟರಿನ ಮೇಲೆ ಬಿಟ್ಟರೆ ಅದು ತಾನೇ ಪುಟಗಳಾಗಿ ಕತ್ತರಿಸಿಕೊಳ್ಳುತ್ತದೆ. ಆಮೇಲೆ ಎಲ್‌ಎಫ್‌ಓ ಎಂಬ ನಿಧಾನಗತಿಯ ಅಲೆಯಿಂದ ಪುಟ ತಿರುಗಿಸಬಹುದು, ವೇಗ ಹೆಚ್ಚಿಸಬಹುದು, ಹಿಂದುಮುಂದು ಮಾಡಬಹುದು. ರುದ್ರಪಟ್ಟಣದ ಯಾವ ಮನೆಯಲ್ಲೂ ಕೇಳದ ತಂಬೂರಿ ಹುಟ್ಟುತ್ತದೆ, ಆದರೂ ತಂಬೂರಿಯ ಸಂತಾನ ಎಂದು ಗೊತ್ತಾಗುತ್ತದೆ. ಬರೀ ರೆಕಾರ್ಡಿಂಗನ್ನು ಮತ್ತೆ ಮತ್ತೆ ನುಡಿಸುವುದಕ್ಕೂ ಇದಕ್ಕೂ ವ್ಯತ್ಯಾಸ ಅಲ್ಲಿದೆ. ಮೊಬೈಲಿನ ಶ್ರುತಿ ಆ್ಯಪ್‌ಗಳು ಸಾಮಾನ್ಯವಾಗಿ ಮಾಡುವುದು ಆ ಮೊದಲನೆಯ ಕೆಲಸ. ಸಾಧನೆಗೆ ಅದೇ ಸರಿ, ಹೊಸ ನಾದ ಕಟ್ಟಲು ಸಾಲದು.

ನಾಲ್ಕನೆಯದರ ಹೆಸರು ಬಾಯಿಗೆ ಬರುವುದೇ ಕಷ್ಟ, ‘ಝಿನ್‌ಆ್ಯಡ್‌ಸಬ್‌ಎಫ್‌ಎಕ್ಸ್’. ರೊಮೇನಿಯಾದ ಪಾಲ್ ನಾಸ್ಕಾ 2002ರಲ್ಲಿ ಶುರು ಮಾಡಿದ್ದು. ಮುಖ ನೋಡಿದರೆ ಇಷ್ಟವಾಗುವುದಿಲ್ಲ. ಇದನ್ನು ಇಟ್ಟುಕೊಳ್ಳುವುದು ಒಂದೇ ಕಾರಣಕ್ಕೆ, ಅದರೊಳಗಿನ ‘ಪ್ಯಾಡ್‌ಸಿಂಥ್’. ನೂರು ಜನ ಒಟ್ಟಿಗೆ ಹಾಡಿದಾಗ ಯಾರ ಷಡ್ಜವೂ ಇನ್ನೊಬ್ಬರ ಷಡ್ಜದ ಮೇಲೆ ಕರಾರುವಾಕ್ಕಾಗಿ ಕೂರುವುದಿಲ್ಲ. ಸ್ವರ ಗೆರೆಯಾಗಿರದೆ ಮೋಡವಾಗಿರುತ್ತದೆ. ಪ್ಯಾಡ್‌ಸಿಂಥ್ ಪ್ರತಿ ಮೇಲ್‌ಸ್ವರವನ್ನೂ ಹಾಗೇ ತುಸು ಅಗಲಿಸಿ ಹರಡುತ್ತದೆ. ಭಜನೆಯ ಹಿಂದಿನ ಗುಂಪುದನಿಯಂಥ ನಾದ ಬೇಕಾದಾಗ ಇದನ್ನು ತೆರೆದರೆ ಸಾಕು, ಮಿಕ್ಕ ದಿನ ಮುಚ್ಚಿಡಬಹುದು.

ಹೆಸರಾಂತ ‘ಸೀರಮ್’, ‘ಮ್ಯಾಸಿವ್’ ಇಲ್ಲವೇ ಎಂದು ಕೇಳುವವರುಂಟು. ಒಳ್ಳೆಯವೇ, ಕಾಸು ಇದ್ದವರು ಕೊಳ್ಳಬಹುದು. ಆದರೆ ವೈಟಲ್ ನಡೆಯುವ ದಾರಿಯಲ್ಲೇ ಅವೂ ನಡೆಯುವುದು. ಕಳ್ಳ ಪ್ರತಿ ಹುಡುಕಿ ಅದರ ಜೊತೆಗೆ ವೈರಸ್ಸನ್ನೂ ಮನೆಗೆ ಕರೆತರುವಷ್ಟು ಅನಿವಾರ್ಯ ಏನೂ ಅಲ್ಲ.

ಯಾವ ಸಿಂಥಾದರೂ ಸರಿ, ಇಟ್ಟುಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಗರಗಸದ ಅಲೆಯೊಂದನ್ನು ಬಹಳ ಮೇಲಿನ ಸ್ಥಾಯಿಯಲ್ಲಿ ನುಡಿಸಿ, ಸ್ವರವನ್ನು ಮೇಲೆ ಕೆಳಗೆ ಎಳೆಯುವ ಪಿಚ್ ಗಾಲಿಯನ್ನು ಮೆಲ್ಲಗೆ ಮೇಲಕ್ಕೆ ತಿರುಗಿಸಬೇಕು. ಸ್ವರ ಏರುತ್ತಿರುವಾಗ ಹಿಂದೆಲ್ಲೋ ಇನ್ನೊಂದು ಸಣ್ಣ ಸಿಳ್ಳೆ ಇಳಿಯುತ್ತಿದ್ದರೆ ಅದು ಕಳ್ಳಸ್ವರ. ಲೆಕ್ಕ ಹೀಗಿದೆ. ಸೆಕೆಂಡಿಗೆ 44,100 ಅಂಕಿ ಇಡುವ ವ್ಯವಸ್ಥೆಯಲ್ಲಿ 22,050ಕ್ಕಿಂತ ವೇಗದ ಕಂಪನಕ್ಕೆ ಜಾಗವಿಲ್ಲ. ಜಾಗವಿಲ್ಲದ್ದು ಸುಮ್ಮನೆ ಹೋಗುವುದಿಲ್ಲ, ಗೋಡೆಗೆ ಬಡಿದ ಚೆಂಡಿನಂತೆ ಹಿಂದಕ್ಕೆ ಮಡಚಿ ಬರುತ್ತದೆ. 3,000 ಕಂಪನದ ಸ್ವರದ ಹದಿನಾಲ್ಕನೇ ಮೇಲ್‌ಸ್ವರ 42,000 ಆಗಬೇಕು. ಅದು 44,100ರಿಂದ ಕಳೆದು 2,100ಕ್ಕೆ ಬಂದು ಬೀಳುತ್ತದೆ, ಮೂಲ ಸ್ವರಕ್ಕಿಂತ ಕೆಳಗೆ! ಸಿನಿಮಾದಲ್ಲಿ ಗಾಡಿ ಮುಂದೆ ಓಡುತ್ತಿದ್ದರೂ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಕಾರಣಕ್ಕೆ. ಎಚ್ಚರದಿಂದ ಬರೆದ ಸಿಂಥ್‌ಗಳು ಇದನ್ನು ತಡೆಯುತ್ತವೆ, ಅವಸರದಲ್ಲಿ ಬರೆದವು ತಡೆಯುವುದಿಲ್ಲ. ಮೂವತ್ತರಲ್ಲಿ ಎಷ್ಟೋ ಈ ಒಂದು ಪರೀಕ್ಷೆಯಲ್ಲೇ ಉದುರುತ್ತವೆ.

ಕೀ ಒತ್ತಿದ ಮೇಲೆ ತಡವಾಗಿ ನಾದ ಬರುತ್ತದೆ ಎಂದು ದೂರುವವರು ಸಿಂಥನ್ನು ಬೈಯುವ ಮೊದಲು ಸೆಟ್ಟಿಂಗ್ ನೋಡಬೇಕು. ಅಂಕಿಗಳನ್ನು 512ರ ಕಂತಿನಲ್ಲಿ ಕಳಿಸಿದರೆ ತಡ ಸುಮಾರು 11.6 ಮಿಲಿಸೆಕೆಂಡು. ಅಷ್ಟು ಹೊತ್ತಿಗೆ ಧ್ವನಿ ಗಾಳಿಯಲ್ಲಿ ನಾಲ್ಕು ಮೀಟರ್ ಸಾಗಿರುತ್ತದೆ. 256ಕ್ಕೆ ಇಳಿಸಿದರೆ ಎರಡು ಮೀಟರ್, ಪಕ್ಕವಾದ್ಯದವರು ಕೂರುವಷ್ಟೇ ದೂರ.

ನಮ್ಮ ಸಂಗೀತದವರಿಗೆ ಇದಕ್ಕಿಂತ ದೊಡ್ಡ ಸಮಸ್ಯೆ ಶ್ರುತಿಯದು. ಕೀಬೋರ್ಡಿನ ಹನ್ನೆರಡು ಮನೆಗಳು ಆಕ್ಟೇವನ್ನು ಸಮಪಾಲು ಮಾಡಿಕೊಂಡಿವೆ, ಮನೆಗೆ 100 ಸೆಂಟು. ತಂಬೂರಿ ಈ ಪಾಲುಪಟ್ಟಿಗೆ ಸಹಿ ಹಾಕಿಲ್ಲ. 130.8ರ ಷಡ್ಜದ ಐದನೇ ಮೇಲ್‌ಸ್ವರ 654, ಅದೇ ತಂಬೂರಿಯಲ್ಲಿ ತಾನೇ ಹೊಮ್ಮುವ ಅಂತರ ಗಾಂಧಾರ, ಸ್ವಯಂಭೂ ಗಾಂಧಾರ ಎಂದು ವಿದ್ವಾಂಸರು ಹೇಳುವುದು. ಕೀಬೋರ್ಡಿನ ಗಾಂಧಾರ 659.3ರಲ್ಲಿ ಕೂತಿದೆ. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಐದು ಸಲ ವಂಯ್ ವಂಯ್ ಎಂದು ಬಡಿದಾಡುತ್ತವೆ. ಪಂಚಮದಲ್ಲಿ ವ್ಯತ್ಯಾಸ ಎರಡೇ ಸೆಂಟು, ಗಾಂಧಾರದಲ್ಲಿ ಹದಿನಾಲ್ಕು. ಕೀಬೋರ್ಡಿನ ಮೇಲೆ ಮೋಹನ ನುಡಿಸಿದಾಗ ಏನೋ ಕೊರೆ ಎನಿಸುವುದರಲ್ಲಿ ಈ ಹದಿನಾಲ್ಕು ಸೆಂಟಿನ ಪಾಲೂ ಇದೆ.

ಸರ್ಜ್ ಇಲ್ಲಿ ಮುಂದೆ. ಮ್ಯಾನುಯೆಲ್ ಒಪ್ ಡೆ ಕೂಲ್ ಎಂಬಾತನ ‘ಸ್ಕಾಲಾ’ ತಂತ್ರಾಂಶದ ಶ್ರುತಿಕಡತವನ್ನು ಅದು ನೇರವಾಗಿ ಓದುತ್ತದೆ. ಕಡತವೆಂದರೆ ನೋಟ್‌ಪ್ಯಾಡಿನಲ್ಲಿ ಬರೆಯಬಹುದಾದ ಹದಿನಾಲ್ಕು ಸಾಲು. ಮೊದಲ ಸಾಲಿನಲ್ಲಿ ಒಂದು ವಿವರಣೆ, ಎರಡನೆಯದರಲ್ಲಿ 12 ಎಂಬ ಅಂಕಿ, ಆಮೇಲೆ ಸಾಲಿಗೊಂದರಂತೆ 16/15, 9/8, 6/5, 5/4, 4/3, 45/32, 3/2, 8/5, 5/3, 9/5, 15/8, 2/1. ಇದನ್ನು ಉಳಿಸಿ ಸರ್ಜ್ ಮೇಲೆ ಬಿಟ್ಟರೆ ಗಾಂಧಾರ 5/4ಕ್ಕೆ ಇಳಿದು ತಂಬೂರಿಯ ಜೊತೆ ಕೂಡುತ್ತದೆ. ಬಡಿದಾಟ ನಿಲ್ಲುವುದನ್ನು ಕಿವಿಯಾರೆ ಕೇಳಬಹುದು. ಶ್ರುತಿ ಒಂದನೇ ಮನೆಯಿಂದ ಬೇರೆಡೆಗೆ ಹೋದರೆ ಷಡ್ಜದ ಮನೆಯನ್ನೂ ಬದಲಿಸಿ ಹೇಳಬೇಕು, ಮರೆತರೆ ಎಲ್ಲವೂ ಅಪಶ್ರುತಿ.

ಗಮಕಕ್ಕೆ ಮಾತ್ರ ಕಡತ ಸಹಾಯ ಮಾಡುವುದಿಲ್ಲ, ಪಿಚ್ ಗಾಲಿಯೇ ಗತಿ. ಸಾಮಾನ್ಯವಾಗಿ ಅದು ಎರಡು ಮನೆ ಮೇಲೆ, ಎರಡು ಮನೆ ಕೆಳಗೆ ಮಾತ್ರ ಎಳೆಯುವಂತೆ ಇರುತ್ತದೆ. ಏಳಕ್ಕೋ ಹನ್ನೆರಡಕ್ಕೋ ಏರಿಸಿದರೆ ಜಾರು ಬರುತ್ತದೆ. ಕೀಬೋರ್ಡೂ ಕಂಪ್ಯೂಟರೂ ಮಾತಾಡಿಕೊಳ್ಳುವ ಮಿಡಿ ನಿಯಮದ ಪ್ರಕಾರ ಗಾಲಿಗೆ 16,384 ಮೆಟ್ಟಿಲು, ಹನ್ನೆರಡು ಮನೆಯ ಎಳೆತದಲ್ಲೂ ಮೆಟ್ಟಿಲು ಕಿವಿಗೆ ಸಿಗದು. ಆದರೆ ಕೆಲವು ಅಗ್ಗದ ಕೀಬೋರ್ಡುಗಳು 128 ಮೆಟ್ಟಿಲಲ್ಲೇ ಮುಗಿಸುತ್ತವೆ. ಆಗ ಜಾರು ಜಾರಾಗಿರದೆ ಏಣಿಯಾಗುತ್ತದೆ. ಸಾಫ್ಟ್‌ವೇರಿಗಿಂತ ಮೊದಲು ಗಾಲಿ ಬದಲಿಸಬೇಕಾದ ಸಂದರ್ಭ ಇದು.

ನಾಲ್ಕೇ ಸಿಂಥ್ ಸಾಕೇ ಎಂಬ ಅನುಮಾನ ಇದ್ದವರು ಚರಣ್‌ಜಿತ್ ಸಿಂಗ್ ಅವರ ಕತೆ ಕೇಳಬೇಕು. ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ದುಡಿದ ಈ ಮುಂಬಯಿ ಕಲಾವಿದ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಕೂರಿಸಿ ಧ್ವನಿಮುದ್ರಿಕೆ ತಂದರು. ಕೈಯಲ್ಲಿದ್ದದ್ದು ರೋಲ್ಯಾಂಡ್ ಕಂಪನಿಯ ಮೂರು ಯಂತ್ರ. ಜ್ಯೂಪಿಟರ್-8 ಎಂಬ ಕೀಬೋರ್ಡು, ಟಿಬಿ-303 ಎಂಬ ಬಾಸ್ ಯಂತ್ರ, ಟಿಆರ್-808 ಎಂಬ ತಾಳಯಂತ್ರ. 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣವಿತ್ತು, ರಾಗಕ್ಕೆ ಅದು ಒದಗಿ ಬಂತು. ಆಗ ಯಾರೂ ಹೆಚ್ಚು ಕೊಳ್ಳಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ, ಷಿಕಾಗೋದ ಆ್ಯಸಿಡ್ ಹೌಸ್ ಸಂಗೀತಕ್ಕಿಂತ ವರ್ಷಗಳ ಮೊದಲೇ ಈ ನಾದ ಇಲ್ಲಿತ್ತಲ್ಲ ಎಂದು ಜಗತ್ತು ಬೆರಗಾಯಿತು.

ಸಾಲಗಾಮೆ ರಸ್ತೆಯ ರೂಮಿನವನಿಗೆ ನಾಲ್ಕೂ ಭಾರವೆನಿಸಿದರೆ ಸರ್ಜ್ ಒಂದನ್ನೇ ಇಟ್ಟುಕೊಳ್ಳಲಿ. ಸೋಸುವ ದಾರಿ, ತಂತಿಯ ದಾರಿ, ಅಲುಗಾಟದ ದಾರಿ, ಪುಟ ತಿರುಗಿಸುವ ದಾರಿ ಎಲ್ಲವೂ ಒಂದಿಷ್ಟು ಅದರೊಳಗೇ ಇವೆ, ಶ್ರುತಿಕಡತವನ್ನೂ ಓದುತ್ತದೆ, ಬೆಲೆ ಸೊನ್ನೆ. ಉಳಿದ ದುಡ್ಡಿಗೆ ಒಳ್ಳೆಯ ಪಿಚ್ ಗಾಲಿಯ ಕೀಬೋರ್ಡು ಕೊಳ್ಳಲಿ. ಮತ್ತೆ ಒಂದು ಭಾನುವಾರ ರುದ್ರಪಟ್ಟಣದ ಬಸ್ಸು ಹತ್ತಿ, ಯಾರಾದರೂ ನಿಜವಾದ ತಂಬೂರಿಗೆ ನೂಲು ಕೂರಿಸುವುದನ್ನು ಹತ್ತಿರ ಕೂತು ಒಮ್ಮೆ ಕೇಳಿ ಬರಲಿ.